ಮ್ಯಾನಿಫೋಲ್ಡಿನ ಬೋಲ್ಟು ಹಿಡಿದುಕೊಂಡಾಗ

ನಮ್ಮ ಸದಸ್ಯ ಬಾಂಧವರಲ್ಲಿ ಹಳೆಯ ಮೇಜರ್, ಕಮಾಂಡರ್ ಜೀಪುಗಳನ್ನು ಇನ್ನೂ ಓಡಿಸುತ್ತಿರುವವರು ಬಹಳ ಮಂದಿ. ಮಳೆಗಾಲ ಕಳೆದು ಕೊನೆಕೊಯ್ಲಿಗೆಂದು ಗಾಡಿ ಹೊರತೆಗೆದಾಗ ಎಂಜಿನಿನಿಂದ 'ಚಕ್ ಚಕ್' ಎಂದು ಸದ್ದು ಬರುತ್ತದೆ, ಸ್ವಲ್ಪ ಬಿಸಿಯಾದ ಮೇಲೆ ತಾನಾಗಿಯೇ ಕಡಿಮೆಯಾಗುತ್ತದೆ ಎಂದು ಕೆಲವರು ಹೇಳುವುದುಂಟು. ಕಡಿಮೆಯಾಯಿತೆಂದು ಸುಮ್ಮನಿರುವಂತಿಲ್ಲ. ಬಾನೆಟ್ ಎತ್ತಿ ನೋಡಿ. ಎಕ್ಸಾಸ್ಟ್ ಮ್ಯಾನಿಫೋಲ್ಡು ಹೆಡ್ಡಿಗೆ ಕೂಡುವಲ್ಲಿ ಕಪ್ಪು ಮಸಿ ಹಿಡಿದಿದ್ದರೆ ಅಲ್ಲಿ ಹೊಗೆ ಸೋರುತ್ತಿದೆ ಎಂದರ್ಥ. ಮಳೆಗೆ ಪರದೆ ಇಳಿಸಿಕೊಂಡು ಮಕ್ಕಳನ್ನೋ ರೋಗಿಯನ್ನೋ ಸಾಗರಕ್ಕೆ ಒಯ್ಯುವಾಗ ಅದೇ ಹೊಗೆ ಒಳಗೆ ತುಂಬುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಪೆಟ್ರೋಲ್ ಗಾಡಿಯಲ್ಲಿ ಇದರ ಪಾಲು ಹೆಚ್ಚು. ತಲೆನೋವು, ವಾಕರಿಕೆ ಬಂದರೆ ನಾವು ರಸ್ತೆಯ ತಿರುವುಗಳನ್ನು ದೂರುತ್ತೇವೆ.

ಗ್ಯಾಸ್ಕೆಟ್ ಬದಲಿಸಲು ಹೊರಟಾಗಲೇ ನಿಜವಾದ ತೊಂದರೆ ಶುರುವಾಗುವುದು. ಬೋಲ್ಟುಗಳು ಅಲುಗುವುದಿಲ್ಲ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವ ವಸ್ತು. ಥ್ರೆಡ್ಡಿನ ಸಂದಿಯಲ್ಲಿ ಅದು ಬೆಳೆದರೆ ಬೆಣೆ ಹೊಡೆದಂತೆಯೇ ಸರಿ. ಮೈಲುತುತ್ತದ ಡ್ರಮ್ಮು ಹೇರಿದ ಜೀಪಿನ ತಳ ನೋಡಿದವರಿಗೆ ಕಬ್ಬಿಣದ ಈ ಸ್ವಭಾವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದರ ಮೇಲೆ ಬಿಸಿಯ ಕಾಟ ಬೇರೆ. ಒಂದೂವರೆ ಅಡಿ ಉದ್ದದ ಎರಕದ ಮ್ಯಾನಿಫೋಲ್ಡು 400 ಡಿಗ್ರಿಯಷ್ಟು ಕಾದರೆ ಸುಮಾರು 2 ಮಿ.ಮೀ. ಉದ್ದವಾಗುತ್ತದೆ. ಹೆಡ್ಡು ಅಷ್ಟು ಬೆಳೆಯುವುದಿಲ್ಲ. ಈ ಎಳೆದಾಟ ತುದಿಗಳಲ್ಲಿ ಹೆಚ್ಚು. ಆದ್ದರಿಂದಲೇ ಮೊದಲು ಮುರಿಯುವುದು ಹೆಚ್ಚಾಗಿ ಎರಡು ಕೊನೆಯ ಬೋಲ್ಟುಗಳು.

ಬಿಚ್ಚುವ ಕೆಲಸವನ್ನು ಮೂರು ದಿನ ಮೊದಲೇ ಪ್ರಾರಂಭಿಸಬೇಕು. ವೈರ್ ಬ್ರಷ್ಷಿನಿಂದ ತುಕ್ಕು ಕೆರೆದು, ಎಂಜಿನ್ ತಣ್ಣಗಿರುವಾಗ, ತುಕ್ಕು ಬಿಡಿಸುವ ಎಣ್ಣೆಯನ್ನು ದಿನವೂ ಸಂಜೆ ಹನಿಹನಿಯಾಗಿ ಬಿಡಿ. ಕಾದ ಮ್ಯಾನಿಫೋಲ್ಡಿನ ಮೇಲೆ ಯಾವ ಎಣ್ಣೆಯನ್ನೂ ಸುರಿಯಕೂಡದು, ಬೆಂಕಿ ಹತ್ತುತ್ತದೆ. ಸ್ಪ್ಯಾನರ್ ಆರು ಮೂಲೆಯದೇ ಇರಲಿ. ಹನ್ನೆರಡು ಮೂಲೆಯದು ತುಕ್ಕು ತಿಂದ ತಲೆಯನ್ನು ಉರುಟು ಮಾಡಿಬಿಡುತ್ತದೆ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಕಾಲು ಸುತ್ತು ಬಂದರೆ ಅರ್ಧ ವಾಪಸು, ಮತ್ತೆ ಮುಂದೆ. ಬೋಲ್ಟು ತಿರುಗುವ ಬದಲು ರಬ್ಬರಿನಂತೆ ಹೊರಳಿದ ಹಾಗೆ ಕೈಗೆ ತಿಳಿದರೆ ಅಲ್ಲಿಗೇ ನಿಲ್ಲಿಸಬೇಕು. ಇನ್ನೊಂದು ಎಳೆತಕ್ಕೆ ಅದು ಮುರಿಯುತ್ತದೆ.

ಆಗ ಬೇಕಾದದ್ದು ಬಿಸಿ. ಹಿಂದೆ ಬಿಟ್ಟ ಎಣ್ಣೆಯನ್ನು ಚೆನ್ನಾಗಿ ಒರೆಸಿ, ಗ್ಯಾಸಿನ ಉರಿಯಿಂದ ಬೋಲ್ಟಿನ ಸುತ್ತಲಿನ ಎರಕವನ್ನು ಕಾಯಿಸಿ, ಉರಿ ತೆಗೆದ ಮೇಲೆ ಜೇನುಮೇಣದ ಒಂದು ಉಂಡೆಯನ್ನು ಥ್ರೆಡ್ಡಿನ ಬಾಯಿಗೆ ಮುಟ್ಟಿಸಿ. 65 ಡಿಗ್ರಿಯೊಳಗೇ ಕರಗುವ ಮೇಣ ದೀಪದ ಬತ್ತಿ ಎಣ್ಣೆ ಹೀರಿದಂತೆ ಸಂದಿಗೆ ಇಳಿಯುತ್ತದೆ. ಮೇಣಕ್ಕೆ ನಮ್ಮಲ್ಲಿ ಬರವಿಲ್ಲವಷ್ಟೆ. ಆದರೆ ಕಾಯಿಸುವ ಮೊದಲು ಹೆಡ್ಡಿಗೆ ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಅದು ಅಲ್ಯೂಮಿನಿಯಂ. ಕೆಂಪಗಾಗದೆಯೇ 660 ಡಿಗ್ರಿ ಸುಮಾರಿಗೆ ಕರಗಿ ಹೋಗುತ್ತದೆ. ಅಂಥದನ್ನು ನುರಿತವರಿಗೇ ಬಿಡುವುದು ಲೇಸು.

ಮುರಿದೇ ಹೋದರೆ? ಇಲ್ಲಿ ನನ್ನದೇ ಒಂದು ಪೆದ್ದುತನ ಹೇಳಬೇಕು. ಕೊಯ್ಲಿನ ಅವಸರದಲ್ಲಿ, ಮುರಿದ ಬೋಲ್ಟಿಗೆ ತೂತು ಕೊರೆದು, 'ಈಸಿ ಔಟ್' ಎಂಬ ತಿರುಪಿನ ಸಾಧನ ಹಾಕಿ ಬಲವಾಗಿ ತಿರುಗಿಸಿದೆ. ಅದೂ ಒಳಗೇ ಮುರಿಯಿತು. ಅದು ಗಟ್ಟಿಯಾಗಿ ಹದ ಮಾಡಿದ ಉಕ್ಕು. ಸಾಮಾನ್ಯ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತದೆಯೇ ಹೊರತು ಕೊರೆಯುವುದಿಲ್ಲ. ಹೆಡ್ಡನ್ನೇ ಇಳಿಸಿ ಸಾಗರಕ್ಕೆ ಒಯ್ಯಬೇಕಾಯಿತು. ನಾಲ್ಕು ದಿನ ಗೊನೆಗಳು ಎತ್ತಿನ ಗಾಡಿಯಲ್ಲಿ ಬಂದವು, ಅದೂ ಪಕ್ಕದ ಮನೆಯವರ ದಯೆಯಿಂದ.

ಅಲ್ಲಿನ ಮೆಕ್ಯಾನಿಕ್ ಆಮೇಲೆ ತೋರಿಸಿಕೊಟ್ಟ ಕ್ರಮ ಸುಲಭದ್ದು. ಮುರಿದ ತುಂಡಿನ ಮೇಲೆ ಒಂದು ನಟ್ಟು ಕೂರಿಸಿ, ಅದರ ತೂತಿನೊಳಗೆ ವೆಲ್ಡಿಂಗ್ ಮಾಡಿ ಎರಡನ್ನೂ ಬೆಸೆಯುವುದು. ವೆಲ್ಡಿಂಗಿನ ಬಿಸಿಗೆ ತುಂಡು ಹಿಗ್ಗುತ್ತದೆ, ತಣಿಯುವಾಗ ಕುಗ್ಗುತ್ತದೆ, ತುಕ್ಕಿನ ಹಿಡಿತ ಬಿಡುತ್ತದೆ. ಕೆಂಪು ಆರಿದ ಮೇಲೆ ಸ್ಪ್ಯಾನರಿಗೆ ಮೆಲ್ಲನೆ ಬರುತ್ತದೆ. ಎರಡು ಮೂರು ಸಲ ನಟ್ಟು ಕಿತ್ತು ಬಂದರೂ ಮತ್ತೆ ಬೆಸೆಯಬಹುದು. ಗಾಡಿಯಲ್ಲೇ ವೆಲ್ಡಿಂಗ್ ಮಾಡುವುದಾದರೆ ಬ್ಯಾಟರಿ ಕಳಚಿಡಬೇಕು. ಡೀಸೆಲ್ ಪೈಪು, ಎಣ್ಣೆ ಬಟ್ಟೆ ಹತ್ತಿರವಿರಬಾರದು.

ಕೊರೆಯುವುದು ಕಡೆಯ ಉಪಾಯ. ಸೆಂಟರ್ ಪಂಚಿನಿಂದ ನಟ್ಟನಡುವೆ ಗುರುತು ಹೊಡೆದು, 3 ಮಿ.ಮೀ. ಬಿಟ್ಟಿನಿಂದ ಆರಂಭಿಸಿ ದೊಡ್ಡದಕ್ಕೆ ಹೋಗಬೇಕು. 8 ಮಿ.ಮೀ. ಸಾಮಾನ್ಯ ಥ್ರೆಡ್ಡಿಗೆ 6.8 ಮಿ.ಮೀ. ಮೀರಕೂಡದು.

ಮತ್ತೆ ಜೋಡಿಸುವಾಗ ಹಳೆಯ ಬೋಲ್ಟು ಬೇಡ. ಹೊಸದರ ಥ್ರೆಡ್ಡಿಗೆ ತಾಮ್ರದ ಪುಡಿ ಸೇರಿದ ಗ್ರೀಸು ತೆಳ್ಳಗೆ ಹಚ್ಚಿ. ಸ್ಟಡ್ಡು ಇರುವ ಎಂಜಿನಿಗೆ ಹಿತ್ತಾಳೆಯ ನಟ್ಟು ಸಿಕ್ಕಿದರೆ ಉತ್ತಮ, ಅದು ಉಕ್ಕಿಗೆ ಕಚ್ಚಿಕೊಳ್ಳುವುದಿಲ್ಲ. ಮ್ಯಾನಿಫೋಲ್ಡಿನ ಮುಖ ಸೊಟ್ಟಗಾಗಿದೆಯೋ ಎಂದು ಉಕ್ಕಿನ ಅಡಿಪಟ್ಟಿ ಇಟ್ಟು ನೋಡಿ. ಸೊಟ್ಟಗಿದ್ದರೆ ಹೊಸ ಗ್ಯಾಸ್ಕೆಟ್ಟೂ ನಿಲ್ಲದು. ಬಿಗಿ ಮಾಡುವುದು ನಡುವಿನಿಂದ ತುದಿಗೆ, ಎರಡು ಮೂರು ಸುತ್ತಿನಲ್ಲಿ. ನಾಲ್ಕಾರು ಸಲ ಪೇಟೆಗೆ ಹೋಗಿ ಬಂದ ನಂತರ, ಎಂಜಿನ್ ತಣ್ಣಗಿರುವ ಬೆಳಗ್ಗೆ ಮತ್ತೊಮ್ಮೆ ಬಿಗಿ ನೋಡಿ.