ಒಂದು ಗೇಣಿನ ನೋಟ

ಗಜೇಂದ್ರಗಡದ ತಮ್ಮನ ಮನೆಯ ಮಾಳಿಗೆ ಹತ್ತಿದರೆ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವುದು ಕಾಣುತ್ತದೆ. ಹೋದ ತಿಂಗಳು ಅಲ್ಲಿಯೇ ತಮ್ಮನ ಮಗಳು ಚಷ್ಮಾ ತೆಗೆದು ನನ್ನ ಕೈಗಿಟ್ಟಳು. "ಅತ್ತೀ, ನನಗ ಲೇಸರ್ ಮಾಡಿಸ್ರಿ. ನೋಡಾಕ ಬರೂದರೊಳಗ ಇದು ಹೋಗಬೇಕು."

ಅವಳಿಗೆ 19 ವರ್ಷ, ನಂಬರು ಮೈನಸ್ 4.5. ನನ್ನದು ಮೈನಸ್ 6. ರೋಣದಲ್ಲಿ ಗಣಿತ ಕಲಿಸಿದವಳು ನಾನು, ಲೆಕ್ಕದಿಂದಲೇ ಶುರು ಮಾಡಿದೆ. 100ನ್ನು ನಂಬರಿನಿಂದ ಭಾಗಿಸಿದರೆ ಬರಿಗಣ್ಣಿಗೆ ಎಷ್ಟು ಸೆಂಟಿಮೀಟರ್‌ವರೆಗೆ ತಿಳಿಯಾಗಿ ಕಾಣುತ್ತದೆಂದು ಗೊತ್ತಾಗುತ್ತದೆ. ಅವಳಿಗೆ 22, ಅಂದರೆ ಒಂದು ಗೇಣು. ನನಗೆ ಗೇಣೂ ಇಲ್ಲ. ನಮ್ಮಂಥವರ ಕಣ್ಣುಗುಡ್ಡೆ ಉದ್ದ ಬೆಳೆದಿರುತ್ತದೆ. ದೂರದಿಂದ ಬಂದ ಬೆಳಕು ಹಿಂದಿನ ಪರದೆ ಮುಟ್ಟುವ ಮೊದಲೇ ಕೂಡಿಬಿಡುತ್ತದೆ. ಒಂದೇ ಮಿಲಿಮೀಟರ್ ಉದ್ದವಾದರೂ ನಂಬರು ಎರಡೂವರೆ, ಮೂರು ಏರಿಬಿಡುತ್ತದೆ. ಮೈನಸ್ ಗಾಜು ಆ ಬೆಳಕನ್ನು ತುಸು ಹರಡಿ ಹಿಂದಕ್ಕೆ ಒಯ್ಯುತ್ತದೆ.

ಕಣ್ಣಿನ ಆಪರೇಷನ್ ಅಂದರೆ ನಮ್ಮ ಕಡೆಯ ಹಿರಿಯರಿಗೆ ಬೀಳಗಿಯ ಡಾ. ಎಂ.ಸಿ. ಮೋದಿಯವರ ಶಿಬಿರಗಳೇ ನೆನಪು. ಅದು ಪೊರೆ ತೆಗೆಯುವ ಕೆಲಸ. ಲೇಸರ್ ಮಾಡುವುದು ಕಣ್ಣಿನ ಮುಂದಿನ ಪಾರದರ್ಶಕ ಪದರನ್ನು, ಕಾರ್ನಿಯಾವನ್ನು, ಕೆತ್ತಿ ತೆಳುಮಾಡುವ ಕೆಲಸ. ಅದರ ದಪ್ಪ ಅರ್ಧ ಮಿಲಿಮೀಟರ್ ಆಸುಪಾಸು. ಒಂದೊಂದು ನಂಬರಿಗೆ ಸುಮಾರು 12ರಿಂದ 15 ಮೈಕ್ರಾನ್ ಹೋಗುತ್ತದೆ. ನಮ್ಮ ಹುಡುಗಿಗೆ 60ರ ಆಚೀಚೆ. ಕಾರ್ನಿಯಾ ಮೊದಲೇ ತೆಳುವಿದ್ದರೆ ಡಾಕ್ಟರು ಬೇಡವೆನ್ನುತ್ತಾರೆ. ಅಂಥವರಿಗೂ ನಂಬರು ಬಹಳ ಇದ್ದವರಿಗೂ ಕಣ್ಣಿನೊಳಗೇ ಸಣ್ಣ ಲೆನ್ಸ್ ಕೂರಿಸುವ ದಾರಿಯಿದೆ, ಖರ್ಚು ಹೆಚ್ಚು.

ವಯಸ್ಸು 18 ದಾಟಿದರೆ ಸಾಲದು, ನಂಬರು ಕಡಿಮೆಯೆಂದರೂ ಒಂದು ವರ್ಷ ನಿಂತಿರಬೇಕು. ಇವಳದು ಹೋದ ವರ್ಷ 3.75 ಇತ್ತು. ಈಗ ಕೆತ್ತಿಸಿದರೆ ನಾಳೆ ಮತ್ತೆ ಚಷ್ಮಾ ಬರಬಹುದು.

ಕಾಂಟ್ಯಾಕ್ಟ್ ಲೆನ್ಸ್ ಹಾಕಲಿ, ಆದರೆ ಗಾಳಿಗೆ ಎರೆಮಣ್ಣಿನ ಧೂಳು ಏಳುವ ದಿನ ಬೇಡ. ನಲ್ಲಿ ನೀರು ಅದಕ್ಕೆ ತಾಗಲೇಬಾರದು, ಹಾಕಿಕೊಂಡು ಮಲಗಬಾರದು. ಸೋಂಕು ತಗಲಿದರೆ ನೋಟಕ್ಕೇ ಕುತ್ತು.

ಅವಳ ತಮ್ಮನಿಗೆ 9 ವರ್ಷ, ನಂಬರು ಈಗಷ್ಟೇ ಶುರುವಾಗಿದೆ. "ಚಷ್ಮಾ ಹಾಕಿದ್ರ ನಂಬರ್ ಏರ್ತದ" ಎಂದು ಮನೆಯವರು ಕಡಿಮೆ ನಂಬರಿನದು ಕೊಡಿಸಹೊರಟಿದ್ದರು, ನಾನು ಜಗಳವಾಡಿದೆ. ಪೂರ್ತಿ ನಂಬರೇ ಹಾಕಬೇಕು. ದಿನಕ್ಕೆ ಎರಡು ತಾಸು ಬಯಲಲ್ಲಿ ಆಡಬೇಕು. ನಂಬರು ಬೇಗ ಏರಿದರೆ ರಾತ್ರಿ ಹಾಕುವ ಅಟ್ರೋಪಿನ್ ಹನಿ ಉಂಟು, ಡಾಕ್ಟರು ಹೇಳಿದರೆ ಮಾತ್ರ.

ಲೇಸರಿನಿಂದ ನಂಬರು ಸೊನ್ನೆಯಾದರೂ ಕಣ್ಣಿನ ಉದ್ದ ಇದ್ದಷ್ಟೇ ಇರುತ್ತದೆ, ಹಿಂದಿನ ಪರದೆ ಹಿಗ್ಗಿಯೇ ಇರುತ್ತದೆ. ಹಾಗೆ ಹಿಗ್ಗಿದ ನನ್ನ ಎಡಗಣ್ಣಿನ ಪರದೆಯಲ್ಲಿ ಎರಡು ತೂತು ಸಿಕ್ಕವು. ನೋವಿರಲಿಲ್ಲ, ಸಂಜೆ ಕತ್ತಲಲ್ಲಿ ಮಿಂಚು ಹೊಡೆದಂತಾಗುತ್ತಿತ್ತು ಅಷ್ಟೇ. ಹುಬ್ಬಳ್ಳಿಗೆ ಹೋಗಿ ಸುತ್ತಲೂ ಲೇಸರ್ ಬೆಸುಗೆ ಹಾಕಿಸಿಕೊಂಡೆ. ಹೀಗೆ ಮಿಂಚು, ಒಮ್ಮೆಗೇ ಕರಿ ಚುಕ್ಕೆಗಳ ಮಳೆ, ಬದಿಯಿಂದ ಇಳಿಯುವ ನೆರಳು ಕಂಡರೆ ಅದೇ ದಿನ ತೋರಿಸಬೇಕು.

ತಮ್ಮನಿಗೆ ಅಂದೆ: "ವರ್ಷ ತಡೀಲಿ. ನೋಡಾಕ ಬಂದವರ ಮುಂದ ಚಷ್ಮಾ ಹಾಕ್ಕೊಂಡ ಕುಂದ್ರಲಿ. ಹುಡುಗನ ಮಾರಿ ಆಕಿಗೂ ಕಾಣಬೇಕಲ್ಲೋ."