ಡೀಸೆಲ್ ವ್ಯಾನಿನ ಮಸಿಯೂ ಹಳದಿ ದೀಪವೂ

ಸೀಮೆಎಣ್ಣೆಯ ದೀಪದ ಬತ್ತಿಯನ್ನು ಅಳತೆಮೀರಿ ಏರಿಸಿದರೆ ಗಾಜಿನ ಚಿಮಣಿಗೆ ಮಸಿ ಹಿಡಿಯುತ್ತದೆ. ಮೇಲೆದ್ದ ಎಣ್ಣೆಯ ಆವಿಗೆ ಬೇಕಾದಷ್ಟು ಗಾಳಿ ದೊರೆಯದೆ, ಅದರಲ್ಲಿರುವ ಇಂಗಾಲವು ಪೂರ್ತಿಯಾಗಿ ಉರಿಯದೆ ಉಳಿಯುವುದೇ ಇದಕ್ಕೆ ಕಾರಣ. ಡೀಸೆಲ್ ಎಂಜಿನಿನೊಳಗೆ ಇದೇ ಸಂಗತಿ ಸೆಕೆಂಡಿಗೆ ಹಲವು ಬಾರಿ ನಡೆಯುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲನು 1897ರಲ್ಲಿ ಯಶಸ್ವಿಯಾಗಿ ನಡೆಯಿಸಿ ತೋರಿದ ಈ ಯಂತ್ರದಲ್ಲಿ ವಿದ್ಯುತ್ ಕಿಡಿಗೆ ಕೆಲಸವಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ತಾನಾಗಿಯೇ ಕಾಯುತ್ತದೆ. ಆ ಕಾದ ಗಾಳಿಯೊಳಕ್ಕೆ ಎಣ್ಣೆಯನ್ನು ಸಿಂಪಡಿಸಿದ ಕೂಡಲೆ ಹೊತ್ತಿಕೊಳ್ಳುತ್ತದೆ. ಸಿಲಿಂಡರಿನಲ್ಲಿ ಒಟ್ಟಾರೆ ಗಾಳಿ ಧಾರಾಳವಾಗಿಯೇ ಇರುತ್ತದೆ. ಆದರೆ ತುಂತುರಿನ ನಡುಭಾಗಕ್ಕೆ ಅದು ಸಕಾಲದಲ್ಲಿ ತಲುಪುವುದಿಲ್ಲ. ಅಲ್ಲಿ ಮಸಿ ಹುಟ್ಟುತ್ತದೆ.

ಈ ಮಸಿಯ ಕಣಗಳಲ್ಲಿ ಬಹುಪಾಲು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಸಣ್ಣವು. ಮೂಗಿನ ಕೂದಲಾಗಲಿ ಗಂಟಲಿನ ಲೋಳೆಯಾಗಲಿ ಅವನ್ನು ಪೂರ್ಣವಾಗಿ ತಡೆಯಲಾರವು. ಶ್ವಾಸಕೋಶದ ತುದಿಯ ಗೂಡುಗಳವರೆಗೂ ಅವು ಹೋಗಿ ಸೇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿತು. ಅದಕ್ಕೂ ಮೊದಲೇ ಯೂರೋಪಿನ ಕಾನೂನುಗಳು ಹೊಗೆಯ ಮಿತಿಯನ್ನು ಬಿಗಿಗೊಳಿಸುತ್ತ ಬಂದು, ಹೊಗೆಕೊಳವೆಯಲ್ಲಿ ಕಣಗಳನ್ನು ಸೋಸುವ ಫಿಲ್ಟರು ಅನಿವಾರ್ಯವಾಗಿತ್ತು. ಭಾರತವು ಐದನೆಯ ಮೆಟ್ಟಿಲನ್ನು ದಾಟಿ ನೇರವಾಗಿ ಭಾರತ್ ಸ್ಟೇಜ್ 6 ನಿಯಮವನ್ನು 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಜಾರಿಗೆ ತಂದಿತು. ಅಂದಿನಿಂದ ನಮ್ಮ ಡೀಸೆಲ್ ವ್ಯಾನುಗಳಿಗೂ ಈ ಫಿಲ್ಟರು ಬಂದಿದೆ. ವರ್ಕ್‌ಷಾಪುಗಳಲ್ಲಿ ಅದಕ್ಕೆ ಡಿ.ಪಿ.ಎಫ್. ಎಂದೇ ಹೆಸರು.

ಅದರ ರಚನೆ ಸರಳವಾದುದು. ಜೇನುಗೂಡಿನಂತೆ ನೂರಾರು ಸಣ್ಣ ಓಣಿಗಳುಳ್ಳ ಒಂದು ಪಿಂಗಾಣಿಯ ದಿಮ್ಮಿಯನ್ನು ಊಹಿಸಿಕೊಳ್ಳಿ. ಒಂದು ಓಣಿಯ ಹಿಂದಿನ ಬಾಯಿಯನ್ನು ಮುಚ್ಚಿದ್ದರೆ, ಅದರ ಪಕ್ಕದ ಓಣಿಯ ಮುಂದಿನ ಬಾಯಿಯನ್ನು ಮುಚ್ಚಿರುತ್ತಾರೆ. ಒಳಹೊಕ್ಕ ಹೊಗೆಗೆ ಮುಂದೆ ದಾರಿಯಿಲ್ಲ. ಆದುದರಿಂದ ಅದು ಓಣಿಯ ಗೋಡೆಯಲ್ಲಿರುವ ಅತಿ ಸೂಕ್ಷ್ಮ ರಂಧ್ರಗಳ ಮೂಲಕ ನುಸುಳಿ ಪಕ್ಕದ ಓಣಿಗೆ ಹೋಗಬೇಕು. ಅನಿಲ ಹೊರಹೋಗುತ್ತದೆ, ಮಸಿ ಗೋಡೆಗೆ ಅಂಟಿ ಉಳಿಯುತ್ತದೆ.

ಉಳಿದ ಮಸಿಯನ್ನು ಏನು ಮಾಡುವುದು? ಮಸಿಯೆಂದರೆ ಇಂಗಾಲ, ಇಂಗಾಲವೆಂದರೆ ಸೌದೆ. ಅದನ್ನು ಅಲ್ಲಿಯೇ ಸುಟ್ಟುಬಿಡಬಹುದು. ಆಮ್ಲಜನಕದಲ್ಲಿ ಅದು ಚುರುಕಾಗಿ ಉರಿಯಲು ಸುಮಾರು 600 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಬೇಕು. ಹೆದ್ದಾರಿಯಲ್ಲಿ ಭಾರ ಹೊತ್ತು ಓಡುವ ಎಂಜಿನಿನ ಹೊಗೆಯಲ್ಲಿ ಸಾರಜನಕದ ಡೈಆಕ್ಸೈಡ್ ಇರುವುದರಿಂದ 250ರಿಂದ 400 ಡಿಗ್ರಿಯಲ್ಲಿಯೇ ಮಸಿ ನಿಧಾನವಾಗಿ ಕರಗುತ್ತ ಹೋಗುತ್ತದೆ. ಚಾಲಕನಿಗೆ ಅದರ ಸುಳಿವೂ ಇರುವುದಿಲ್ಲ. ಅದು ಸಾಲದೆ ಹೋದಾಗ ಎಂಜಿನಿನ ಗಣಕವು ಉಪಾಯವೊಂದನ್ನು ಹೂಡುತ್ತದೆ. ಸಿಲಿಂಡರಿನ ಕೆಲಸ ಮುಗಿದ ಮೇಲೆ ಇನ್ನೂ ಸ್ವಲ್ಪ ಎಣ್ಣೆಯನ್ನು ಸಿಂಪಡಿಸಿ ಹೊಗೆಯೊಡನೆ ಕಳುಹಿಸುತ್ತದೆ. ಫಿಲ್ಟರಿನ ಮುಂದಿರುವ ಕ್ರಿಯಾವರ್ಧಕದಲ್ಲಿ ಅದು ಉರಿದು, ಹೊಗೆಯನ್ನು 600 ಡಿಗ್ರಿಗೆ ಏರಿಸುತ್ತದೆ. ಈ ಶುದ್ಧಿಗೆ ಸಾಮಾನ್ಯವಾಗಿ 10ರಿಂದ 20 ನಿಮಿಷ ಹಿಡಿಯುತ್ತದೆ.

ತೊಡಕು ಇಲ್ಲಿಯೇ ಇದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಬೆಳಗಿನಿಂದ ಸಂಜೆಯವರೆಗೆ ಮನೆಮನೆಗೆ ಸಾಮಾನು ಇಳಿಸುವ ವ್ಯಾನಿಗೆ ಆ 20 ನಿಮಿಷ ಎಲ್ಲಿ ದೊರೆಯಬೇಕು? ಐದು ನಿಮಿಷ ಓಟ, ಹತ್ತು ನಿಮಿಷ ನಿಲುಗಡೆ. ಹೊಗೆ ಕಾಯುವುದೇ ಇಲ್ಲ. ಆರಂಭವಾದ ಶುದ್ಧಿ ಅರ್ಧಕ್ಕೇ ನಿಲ್ಲುತ್ತದೆ. ಹೀಗೆ ಅರ್ಧಕ್ಕೆ ನಿಂತ ಪ್ರತಿ ಸಲವೂ ಉರಿಯದ ಡೀಸೆಲಿನ ಒಂದಂಶ ಸಿಲಿಂಡರಿನ ಗೋಡೆಯಿಂದ ಜಾರಿ ಕೆಳಗಿನ ಎಂಜಿನ್ ಆಯಿಲಿಗೆ ಸೇರುತ್ತದೆ. ಆಯಿಲ್ ತಿಳುವಾಗಿ, ಅಳತೆಕಡ್ಡಿಯಲ್ಲಿ ಅದರ ಮಟ್ಟ ಇಳಿಯುವ ಬದಲು ಏರುತ್ತದೆ. ಆಯಿಲ್ ಹೆಚ್ಚಾದುದನ್ನು ಕಂಡು ಸಂತೋಷಪಡುವವರು ಈ ಮಾತನ್ನು ನೆನಪಿಡಬೇಕು.

ಮುಂದಿನ ಫಲಕದಲ್ಲಿ ಹಳದಿ ದೀಪ ಹೊತ್ತುವುದು ಇಂತಹ ವೇಳೆಯಲ್ಲಿ. ಫಿಲ್ಟರು ಕೆಟ್ಟಿತೆಂದು ಅದರ ಅರ್ಥವಲ್ಲ. ತನಗೆ ಶಾಖ ಬೇಕೆಂದು ಅದು ಕೇಳುತ್ತಿದೆ. ದೀಪ ಸ್ಥಿರವಾಗಿ ಉರಿಯುತ್ತಿದ್ದರೆ ವಾಹನದ ಕೈಪಿಡಿ ಹೇಳುವಂತೆ, ಸಾಮಾನ್ಯವಾಗಿ ತೆರೆದ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರಿಗೆ ಕಡಮೆಯಾಗದಂತೆ, ಎಂಜಿನು ನಿಮಿಷಕ್ಕೆ 2000 ಸುತ್ತಿನ ಮೇಲಿರುವಂತೆ, ಕಾಲು ಗಂಟೆ ಓಡಿಸಿದರೆ ದೀಪ ಆರುತ್ತದೆ. ಇಂಧನದ ತೊಟ್ಟಿ ಬರಿದಾಗುತ್ತ ಬಂದಿದ್ದರೆ ಹಲವು ವಾಹನಗಳಲ್ಲಿ ಗಣಕವು ಶುದ್ಧಿಯನ್ನು ಆರಂಭಿಸುವುದೇ ಇಲ್ಲ. ದೀಪ ಮಿಣುಕತೊಡಗಿ, ಎಂಜಿನಿನ ದೀಪವೂ ಹೊತ್ತಿ, ವ್ಯಾನು ಕುಂಟುತ್ತ ಸಾಗಿದರೆ ಕಾಲ ಮೀರಿತೆಂದೇ ತಿಳಿಯಬೇಕು. ಆಗ ವೇಗವಾಗಿ ಓಡಿಸುವುದು ಅಪಾಯ. ಒಂದು ಗ್ರಾಂ ಇಂಗಾಲ ಉರಿದರೆ ಸುಮಾರು 8 ಕಿಲೋಕ್ಯಾಲೊರಿ ಶಾಖ ಬರುತ್ತದೆ; 30 ಗ್ರಾಂ ಮಸಿ ಒಮ್ಮೆಗೇ ಹೊತ್ತಿಕೊಂಡರೆ ಮೂರು ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲ ಶಾಖ ಆ ಸಣ್ಣ ದಿಮ್ಮಿಯೊಳಗೆ ಹುಟ್ಟುತ್ತದೆ. ಅದೇ ಹೊತ್ತಿಗೆ ಚಾಲಕನು ಸಿಗ್ನಲಿನಲ್ಲಿ ನಿಂತರೆ ಶಾಖವನ್ನು ಹೊತ್ತೊಯ್ಯುವ ಗಾಳಿಯೂ ಕಡಮೆಯಾಗಿ ಪಿಂಗಾಣಿ ಬಿರಿಯುತ್ತದೆ, ಇಲ್ಲವೆ ಕರಗುತ್ತದೆ.

ದೀಪ ಮತ್ತೆ ಮತ್ತೆ ಬಂದರೆ ಫಿಲ್ಟರನ್ನೇ ದೂರುವುದು ತರವಲ್ಲ. ಟರ್ಬೋದಿಂದ ಗಾಳಿ ತರುವ ರಬ್ಬರ್ ಕೊಳವೆ ಸೀಳಿದ್ದರೆ ಗಾಳಿ ಸಾಲದೆ ಮಸಿ ಹೆಚ್ಚುತ್ತದೆ. ಇಂಜೆಕ್ಟರ್ ಸೋರಿದರೂ ಅದೇ ಗತಿ. ಥರ್ಮೋಸ್ಟಾಟ್ ತೆರೆದೇ ಉಳಿದಿದ್ದರೆ ಎಂಜಿನು ಬೇಕಾದಷ್ಟು ಕಾಯುವುದಿಲ್ಲ. ಕೆಲವೊಮ್ಮೆ ಅಳೆಯುವ ಉಪಕರಣವೇ ಸುಳ್ಳು ಹೇಳುತ್ತದೆ. ಫಿಲ್ಟರಿನ ಹಿಂದೆ ಮುಂದೆ ಎರಡು ಸಣ್ಣ ಕೊಳವೆಗಳನ್ನು ಜೋಡಿಸಿ, ಒತ್ತಡದ ವ್ಯತ್ಯಾಸವನ್ನು ಒಂದು ಸೆನ್ಸರಿನಿಂದ ಅಳೆಯುತ್ತಾರೆ. ಎಂಜಿನು ನಿಂತಿರುವಾಗ ಆ ವ್ಯತ್ಯಾಸ ಸೊನ್ನೆಯಿರಬೇಕು. ಇಲ್ಲದಿದ್ದರೆ ತಪ್ಪು ಸೆನ್ಸರಿನದು. ಇಷ್ಟನ್ನು ನೋಡದೆ ಯಂತ್ರ ಜೋಡಿಸಿ ದೀಪವನ್ನು ಅಳಿಸಿ ಕಳುಹಿಸುವುದು, ಜ್ವರಮಾಪಕವನ್ನು ಕೊಡವಿ ರೋಗಿ ಗುಣವಾದನೆಂದಂತೆ.

ಸುಡಲಾರದ ವಸ್ತುವೂ ಒಂದುಂಟು, ಅದು ಬೂದಿ. ಎಂಜಿನ್ ಆಯಿಲಿನಲ್ಲಿ ಬೆರೆಸುವ ಕ್ಯಾಲ್ಸಿಯಂ, ಸತುವು ಮುಂತಾದವುಗಳಿಂದ ಇದು ಹುಟ್ಟುತ್ತದೆ. ಎಷ್ಟು ಕಾಯಿಸಿದರೂ ಬೂದಿ ಬೂದಿಯೇ. ವರ್ಷಗಳು ಕಳೆದಂತೆ ಓಣಿಗಳನ್ನು ಅದು ತುಂಬುತ್ತದೆ. ಆಗ ಫಿಲ್ಟರನ್ನು ಕಳಚಿ ಹೊರಗೆ ಶುದ್ಧಿ ಮಾಡಿಸಬೇಕು, ಇಲ್ಲವೆ ಬದಲಿಸಬೇಕು. ಬೂದಿ ಕಡಮೆಯಿರುವ ಆಯಿಲನ್ನೇ ಹಾಕಬೇಕೆಂದು ತಯಾರಕರು ಒತ್ತಿ ಹೇಳುವುದು ಈ ಕಾರಣದಿಂದ.

ಹಲವು ವ್ಯಾನುಗಳಲ್ಲಿ ಶೇಕಡಾ 32.5ರ ಯೂರಿಯಾ ದ್ರಾವಣದ ದೀಪವೂ ಇರುತ್ತದೆ. ಇದು ಮಸಿಗಲ್ಲ, ಸಾರಜನಕದ ಆಕ್ಸೈಡುಗಳಿಗೆ ಸಂಬಂಧಿಸಿದುದು. ದ್ರಾವಣ ಪೂರ್ತಿ ಮುಗಿಯಲು ಬಿಟ್ಟರೆ ಒಮ್ಮೆ ನಿಲ್ಲಿಸಿದ ಎಂಜಿನು ಮತ್ತೆ ಹೊರಡದಂತೆ ಅನೇಕ ವಾಹನಗಳನ್ನು ರಚಿಸಿದ್ದಾರೆ.

ಹೊಸ ಫಿಲ್ಟರಿನ ಬೆಲೆಗೆ ಅಂಜಿ, ಒಳಗಿನ ಪಿಂಗಾಣಿಯನ್ನು ಒಡೆದು ತೆಗೆದು, ಖಾಲಿ ಡಬ್ಬಿಯನ್ನು ಮತ್ತೆ ಕೂಡಿಸಿ, ಗಣಕಕ್ಕೆ ಸುಳ್ಳು ಕಲಿಸುವ ಕಸುಬೂ ಬೆಳೆದಿದೆ. ಒಂದೇ ವ್ಯಾನನ್ನು ನಂಬಿ ಸಂಸಾರ ಸಾಗಿಸುವ ಚಾಲಕನಿಗೆ ಆ ಆಸೆ ಏಕೆ ಹುಟ್ಟುತ್ತದೆಂಬುದು ನಮಗೆ ಅರ್ಥವಾಗದ ವಿಷಯವಲ್ಲ. ಆದರೆ ಆ ಮಸಿಯನ್ನು ಮೊದಲು ಉಸಿರಾಡುವವರು ಅವನೂ, ಅವನ ವ್ಯಾನಿನ ಹಿಂದೆ ಸೈಕಲಿನಲ್ಲಿ ಶಾಲೆಗೆ ಹೋಗುವ ಹುಡುಗರೂ. ಬ್ರಿಟನ್ನಿನ ವಾರ್ಷಿಕ ತಪಾಸಣೆಯಲ್ಲಿ 2014ರಿಂದ ಫಿಲ್ಟರು ಇದೆಯೇ ಎಂದು ಕಣ್ಣಿನಿಂದ ನೋಡತೊಡಗಿದರು. ಖಾಲಿ ಡಬ್ಬಿ ಆ ಕಣ್ಣನ್ನು ವಂಚಿಸಬಲ್ಲುದು. ಜರ್ಮನಿಯಲ್ಲಿ 2023ರ ಜುಲೈಯಿಂದ ಹೊಸ ಬಗೆಯ ಡೀಸೆಲ್ ವಾಹನಗಳ ಹೊಗೆಯಲ್ಲಿನ ಕಣಗಳನ್ನೇ ಎಣಿಸುತ್ತಿದ್ದಾರೆ. ಘನ ಸೆಂಟಿಮೀಟರಿಗೆ 2,50,000ವನ್ನು ಮೀರಬಾರದೆಂಬುದು ನಿಯಮ. ಅಂತಹ ಉಪಕರಣವಿಲ್ಲದ ವಾಚಕರು ಒಂದು ಸುಲಭ ಪರೀಕ್ಷೆಯನ್ನು ಮಾಡಬಹುದು. ಎಂಜಿನು ಪೂರ್ತಿ ತಣಿದ ಮೇಲೆ ಬಿಳಿಯ ಬಟ್ಟೆಯೊಂದನ್ನು ಹೊಗೆಕೊಳವೆಯ ಬಾಯಿಯೊಳಗೆ ಒರೆಸಿ ನೋಡಿ. ಫಿಲ್ಟರು ಸರಿಯಾಗಿದ್ದರೆ ಬಟ್ಟೆಗೆ ಹೆಚ್ಚೆಂದರೆ ಧೂಳಿನ ಬಣ್ಣ ಬರುತ್ತದೆ. ಕಾಡಿಗೆಯಂತೆ ಕಪ್ಪು ಅಂಟಿದರೆ ಪಿಂಗಾಣಿ ಬಿರಿದಿರಬೇಕು, ಇಲ್ಲವೆ ಡಬ್ಬಿ ಖಾಲಿಯಿರಬೇಕು.