ತಲಕಾಡಿನಲ್ಲಿ ಒಂದು ದಿನ: ಕಂಡದ್ದು ಮತ್ತು ಕಾಣದ್ದು

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಜನರಿಗೆ ತಲಕಾಡು ದೂರದ ಊರಲ್ಲ. ಕಾವೇರಿಯ ಬಲದಂಡೆಯ ಕಡೆಗೆ ಕೊಳ್ಳೇಗಾಲದ ಬಯಲು, ಎಡದಂಡೆಯಲ್ಲಿ ಗಂಗರ ಪ್ರಾಚೀನ ರಾಜಧಾನಿ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ತಲಕಾಡಾದರೋ ಮೈಸೂರಿನ ಆಡಳಿತದಲ್ಲಿತ್ತು. ಆದರೆ ಸರ್ಕಾರಗಳು ಎಳೆದ ಈ ಗಡಿ ಭಕ್ತರ ಹೆಜ್ಜೆಗೆ ಎಂದೂ ಅಡ್ಡಿಯಾಗಲಿಲ್ಲ. ಪಂಚಲಿಂಗ ದರ್ಶನಕ್ಕೂ ಮುಡುಕುತೊರೆಯ ಜಾತ್ರೆಗೂ ಈ ಕಡೆಯ ಜನ ಹೊಳೆ ದಾಟಿ ಹೋಗುತ್ತಲೇ ಬಂದರು.

ಇಂದು ತಲಕಾಡಿಗೆ ಹೋಗುವವರಲ್ಲಿ ಯಾತ್ರಿಕರಷ್ಟೇ ಅಲ್ಲದೆ ಪ್ರವಾಸಿಗಳೂ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳೂ ಇದ್ದಾರೆ. ಬೆಳಿಗ್ಗೆ ಬಂದು ಸಂಜೆಗೆ ಹಿಂದಿರುಗುವ ಇವರಿಗೆ ದಾರಿ ತೋರುವವರು ಸಾಮಾನ್ಯವಾಗಿ ಹೇಳುವುದು ಒಂದೇ ಕಥೆ: ಅಲಮೇಲಮ್ಮನ ಶಾಪ. ಆ ಕಥೆ ಮನಮುಟ್ಟುವಂಥದು, ನಿಜ. ಆದರೆ ಅದೊಂದನ್ನೇ ಕೇಳಿ ಹಿಂದಿರುಗಿದವನು ಸಾವಿರ ವರ್ಷಗಳ ರಾಜಧಾನಿಯನ್ನು ನೋಡಿದಂತಾಗುವುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಒಂದು ದಿನದ ಅವಧಿಯಲ್ಲಿ ತಲಕಾಡನ್ನು ಹೇಗೆ ನೋಡಬೇಕು, ಯಾವುದನ್ನು ಯಾವುದರ ಪಕ್ಕದಲ್ಲಿಟ್ಟು ತಿಳಿಯಬೇಕು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಈ ಸೀಮೆಯಿಂದ ಹೊರಡುವವರು ದಿನವನ್ನು ಯಳಂದೂರಿನಲ್ಲಿ ಆರಂಭಿಸುವುದು ಉಚಿತ. ಯಳಂದೂರು ಹದಿನಾಡಿನ ಪ್ರಭುಗಳ ನೆಲೆ. ವಿಜಯನಗರದ ಸಾಮಂತರಾಗಿದ್ದ ಇವರಲ್ಲಿ ಸಿಂಗದೇಪ ದೇವಭೂಪಾಲನು ಸುಮಾರು 1500ರಲ್ಲಿ ಇಲ್ಲಿಯ ಗೌರೀಶ್ವರ ದೇವಾಲಯವನ್ನು ಕಟ್ಟಿಸಿದನು. ಅದರ ಮಹಾದ್ವಾರವನ್ನು 1654-55ರ ಸುಮಾರಿಗೆ ಅದೇ ವಂಶದ ಮುದ್ದುರಾಜನು ನಿರ್ಮಿಸಿದನು. ಕಲ್ಲಿನಲ್ಲೇ ಕೊರೆದ ಬಳೆಗಳ ಸರಪಣಿ ಇರುವುದರಿಂದ ಈ ದ್ವಾರಕ್ಕೆ ಬಳೆಮಂಟಪವೆಂದು ಹೆಸರು. ಅಂಧಕಾಸುರ ಸಂಹಾರ, ದಕ್ಷಿಣಾಮೂರ್ತಿ, ಶರಭ, ಭೈರವ ಮುಂತಾದ ಶಿಲ್ಪಗಳು ಅದರ ಗೋಡೆಗಳನ್ನು ಅಲಂಕರಿಸಿವೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಯಳಂದೂರು ಷಡಕ್ಷರದೇವ ಮತ್ತು ಸಂಚಿಯ ಹೊನ್ನಮ್ಮನವರ ಊರೆಂದೂ ಪರಿಚಿತ. ಒಂದು ಸಣ್ಣ ಪಾಳೆಯಪಟ್ಟಿನ ಊರು ಕಲ್ಲಿನಲ್ಲಿಯೂ ಕಾವ್ಯದಲ್ಲಿಯೂ ಇಷ್ಟನ್ನು ಉಳಿಸಿಕೊಂಡಿರುವಾಗ, ದೊಡ್ಡ ರಾಜಧಾನಿಯೊಂದು ಏನನ್ನು ಉಳಿಸಿಕೊಂಡಿರಬಹುದು ಎಂಬ ಪ್ರಶ್ನೆಯೊಡನೆ ಕೊಳ್ಳೇಗಾಲದ ಮೂಲಕ ಹೊಳೆ ದಾಟಿದರೆ ತಲಕಾಡಿನ ನೋಟಕ್ಕೆ ಮನಸ್ಸು ಸಿದ್ಧವಾಗುತ್ತದೆ.

ತಲಕಾಡಿನಲ್ಲಿ ಒಂದು ದಿನವನ್ನು ಕಳೆಯುವ ಕ್ರಮ ಪ್ರವಾಸೋದ್ಯಮದ ಸೃಷ್ಟಿಯಲ್ಲ. ಅದು ಯಾತ್ರಾ ಸಂಪ್ರದಾಯದಲ್ಲಿಯೇ ಇದೆ. ಗೋಕರ್ಣ ತೀರ್ಥದಲ್ಲಿ ಮಿಂದು, ಗೋಕರ್ಣೇಶ್ವರನನ್ನೂ ಚಂಡಿಕಾದೇವಿಯನ್ನೂ ಪೂಜಿಸಿ, ವೈದ್ಯೇಶ್ವರನ ದರ್ಶನ ಪಡೆಯಬೇಕು. ಅನಂತರ ಕಾವೇರಿಯ ಬೇರೆ ಬೇರೆ ದಿಕ್ಕಿನ ತೊರೆಗಳಲ್ಲಿ ಮಿಂದು, ಅರ್ಕೇಶ್ವರ, ಪಾತಾಳೇಶ್ವರ, ಮರಳೇಶ್ವರ, ಮಲ್ಲಿಕಾರ್ಜುನ ಈ ನಾಲ್ಕು ಲಿಂಗಗಳನ್ನು ಪೂಜಿಸಬೇಕು. ಪ್ರತಿಯೊಂದು ದರ್ಶನವಾದ ಮೇಲೂ ವೈದ್ಯೇಶ್ವರನ ಸನ್ನಿಧಿಗೆ ಮರಳಿ, ಕೊನೆಯಲ್ಲಿ ಕೀರ್ತಿನಾರಾಯಣನ ದರ್ಶನ ಮಾಡಬೇಕು. ಇದೆಲ್ಲ ಒಂದೇ ದಿನದಲ್ಲಿ ಮುಗಿಯಬೇಕೆಂಬುದು ನಿಯಮ. ಈ ಐದು ಲಿಂಗಗಳು ಶಿವನ ಸದ್ಯೋಜಾತಾದಿ ಪಂಚಮುಖಗಳೆಂಬುದು ಭಕ್ತರ ನಂಬಿಕೆ. ಈ ಕ್ರಮದಲ್ಲಿ ಅಡಗಿರುವ ವಿವೇಕವನ್ನು ಗಮನಿಸಬೇಕು. ಯಾತ್ರಿಕನು ಗುಡಿಯಿಂದ ಗುಡಿಗೆ ಮಾತ್ರ ಹೋಗುವುದಿಲ್ಲ, ಪ್ರತಿ ಸಲವೂ ನದಿಗೆ ಇಳಿಯುತ್ತಾನೆ. ತಲಕಾಡನ್ನು ಕಟ್ಟಿದ್ದೂ ನದಿ, ಹೂತದ್ದೂ ನದಿ ತಂದ ಮರಳು. ಹಳೆಯ ಯಾತ್ರಾಕ್ರಮ ಇದನ್ನು ಮರೆತಿಲ್ಲ.

ವೈದ್ಯೇಶ್ವರ ಈ ಕ್ಷೇತ್ರದ ಮುಖ್ಯ ದೈವ. ಸ್ಥಳಪುರಾಣದ ಪ್ರಕಾರ ತಲ, ಕಾಡ ಎಂಬ ಇಬ್ಬರು ಕಿರಾತ ಸಹೋದರರು ಆನೆಗಳು ಬೂರುಗದ ಮರವೊಂದನ್ನು ಪೂಜಿಸುವುದನ್ನು ಕಂಡು ಕುತೂಹಲದಿಂದ ಮರಕ್ಕೆ ಕೊಡಲಿ ಹಾಕಿದರು. ಮರದಿಂದ ರಕ್ತ ಸುರಿಯಿತು. ಆ ಮರದ ಎಲೆ ಕಾಯಿಗಳನ್ನೇ ಗಾಯಕ್ಕೆ ಹಚ್ಚುವಂತೆ ಅಶರೀರವಾಣಿಯಾಯಿತು. ಹಾಗೆ ಮಾಡಲು ಗಾಯ ಮಾಯಿತು. ತನ್ನ ಗಾಯಕ್ಕೆ ತಾನೇ ಮದ್ದು ಹೇಳಿದ ಶಿವನು ವೈದ್ಯನಾಥನೆನಿಸಿದನು. ಆನೆಗಳು ಪೂರ್ವದಲ್ಲಿ ಸೋಮದತ್ತನೆಂಬ ಋಷಿ ಮತ್ತು ಅವನ ಶಿಷ್ಯರಾಗಿದ್ದವೆಂದೂ, ಬೇಡರಿಬ್ಬರಿಂದ ಊರಿಗೆ ಹೆಸರು ಬಂದಿತೆಂದೂ ಪುರಾಣ ಹೇಳುತ್ತದೆ. ಶಾಸನಗಳು ಇದೇ ಊರನ್ನು ಸಂಸ್ಕೃತದಲ್ಲಿ ದಳವನಪುರವೆಂದು ಕರೆಯುತ್ತವೆ. ಕಣಶಿಲೆಯ ಈ ದೇವಾಲಯದ ದ್ವಾರಪಾಲಕರ ಭವ್ಯ ಮೂರ್ತಿಗಳನ್ನೂ, ಸೂರಿನ ಮೂಲೆಯಲ್ಲಿ ತೂಗುವ ಕಲ್ಲಿನ ಸರಪಣಿಯನ್ನೂ ನೋಡದೆ ಮುಂದೆ ಹೋಗಬಾರದು. ಬೆಳಿಗ್ಗೆ ಯಳಂದೂರಿನ ಬಳೆಮಂಟಪವನ್ನು ಕಂಡು ಬಂದವನಿಗೆ ಒಂದೇ ಶಿಲ್ಪಚಾತುರ್ಯ ಎರಡು ಊರುಗಳಲ್ಲಿ ತೋರಿಬರುವ ಬಗೆ ಇಲ್ಲಿ ಸ್ಪಷ್ಟವಾಗುತ್ತದೆ.

ಅಲ್ಲಿಂದ ಮರಳದಿಬ್ಬಗಳ ನಡುವೆ ನಡೆದರೆ ಪಾತಾಳೇಶ್ವರ, ಮರಳೇಶ್ವರ ಗುಡಿಗಳು. ಇವುಗಳ ದರ್ಶನಕ್ಕೆ ಮೆಟ್ಟಿಲಿಳಿದು ಕೆಳಗೆ ಹೋಗಬೇಕು. ಒಂದು ಕಾಲದಲ್ಲಿ ನೆಲದ ಮೇಲಿದ್ದ ಗುಡಿಗಳು ಇಂದು ಗುಂಡಿಯೊಳಗಿರುವುದೇ ಮರಳು ಎಷ್ಟು ಎತ್ತರಕ್ಕೆ ಏರಿದೆ ಎಂಬುದಕ್ಕೆ ಸಾಕ್ಷಿ. ಪಾತಾಳೇಶ್ವರ ಲಿಂಗವು ಹೊತ್ತಿಗೊಂದು ಬಣ್ಣ ತಾಳುವುದೆಂದು ಭಕ್ತರು ಹೇಳುವರು. ವಿದ್ವಾಂಸರು ಈ ಎರಡು ಗುಡಿಗಳನ್ನು ಗಂಗರ ಕಾಲದವೆಂದು ಗುರುತಿಸುತ್ತಾರೆ. ಮಾರ್ಗದರ್ಶಿಯಾದವನು ಕ್ಷಣಕಾಲ ನಿಂತು ಗಂಗರ ಮಾತೆತ್ತಬೇಕಾದ ಸ್ಥಳವಿದು.

ಗಂಗರ ಮೊದಲ ರಾಜಧಾನಿ ಕುವಳಾಲ, ಎಂದರೆ ಇಂದಿನ ಕೋಲಾರ. ಐದನೆಯ ಶತಮಾನದ ಹೊತ್ತಿಗೆ ಹರಿವರ್ಮನು ರಾಜಧಾನಿಯನ್ನು ತಲಕಾಡಿಗೆ ತಂದನು. ಗಂಗವಾಡಿ 96,000 ಎಂದು ಹೆಸರಾದ ನಾಡಿಗೆ ಇದು ಶತಮಾನಗಳ ಕಾಲ ತಲೆಯೂರಾಗಿತ್ತು. ಈ ವಂಶದ ದುರ್ವಿನೀತನನ್ನು ‘ಕವಿರಾಜಮಾರ್ಗ’ವು ಕನ್ನಡದ ಹಿಂದಿನ ಗದ್ಯಕಾರರ ಸಾಲಿನಲ್ಲಿ ಹೆಸರಿಸಿದೆ. ಇಮ್ಮಡಿ ಶಿವಮಾರನು ‘ಗಜಾಷ್ಟಕ’ವನ್ನು ರಚಿಸಿದನೆಂದು ಶಾಸನವೊಂದರಿಂದ ತಿಳಿಯುತ್ತದೆ, ಕೃತಿ ಮಾತ್ರ ದೊರೆತಿಲ್ಲ. ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ಕಡೆಯಿಸಿದ ಚಾವುಂಡರಾಯನು ಗಂಗರ ಮಂತ್ರಿ. ಅವನ ‘ಚಾವುಂಡರಾಯ ಪುರಾಣ’ 978ರ ಕೃತಿ. ಕನ್ನಡ ಗದ್ಯದ ಚರಿತ್ರೆಯನ್ನು ಓದುವ ವಿದ್ಯಾರ್ಥಿಗೆ ತಲಕಾಡಿನ ಮರಳು ಬರಿಯ ಮರಳಲ್ಲ ಎಂಬುದಕ್ಕೆ ಇಷ್ಟು ಸಾಕು.

ಸುಮಾರು 1004ರಲ್ಲಿ ಚೋಳರು ತಲಕಾಡನ್ನು ಗೆದ್ದರು. ಗಂಗರ ಆಳ್ವಿಕೆ ಕೊನೆಗೊಂಡಿತು. ಊರಿಗೆ ರಾಜರಾಜಪುರವೆಂಬ ಹೆಸರು ಬಂದಿತು. ನೂರು ವರ್ಷಗಳಿಗೂ ಮಿಕ್ಕಿ ಕಳೆದ ಮೇಲೆ, 1116ರ ಸುಮಾರಿಗೆ, ಹೊಯ್ಸಳ ವಿಷ್ಣುವರ್ಧನನು ದಂಡನಾಯಕ ಗಂಗರಾಜನ ಪರಾಕ್ರಮದಿಂದ ಅದನ್ನು ಚೋಳರಿಂದ ಪಡೆದು ‘ತಲಕಾಡುಗೊಂಡ’ನೆಂಬ ಬಿರುದು ಧರಿಸಿದನು. ಆ ವಿಜಯದ ನೆನಪಿಗೆ 1117ರಲ್ಲಿ ನಿರ್ಮಾಣವಾದುದು ಕೀರ್ತಿನಾರಾಯಣ ದೇವಾಲಯ. ಹೊಯ್ಸಳರ ತರುವಾಯ ಈ ಪ್ರದೇಶ ವಿಜಯನಗರದ ಆಳ್ವಿಕೆಗೆ ಸೇರಿತು. ಐದು ಲಿಂಗಗಳ ದರ್ಶನದ ಕೊನೆಗೆ ನಾರಾಯಣನ ದರ್ಶನವನ್ನೂ ಸೇರಿಸಿದ ಸಂಪ್ರದಾಯದ ಹಿನ್ನೆಲೆಯಲ್ಲಿ ಈ ಇತಿಹಾಸವಿದೆ.

ಶಾಪದ ಕಥೆ ಬರುವುದು ಇದೆಲ್ಲ ಆದ ಮೇಲೆ. 1610ರಲ್ಲಿ ಮೈಸೂರಿನ ರಾಜ ಒಡೆಯರು ವಿಜಯನಗರದ ಪ್ರತಿನಿಧಿ ತಿರುಮಲರಾಯನಿಂದ ಶ್ರೀರಂಗಪಟ್ಟಣವನ್ನು ಪಡೆದರು. ತಿರುಮಲರಾಯನು ತಲಕಾಡಿಗೆ ಬಂದು ಅಲ್ಲಿಯೇ ತೀರಿಕೊಂಡನು. ರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದ ಒಡವೆಗಳು ಅವನ ಪತ್ನಿ ಅಲಮೇಲಮ್ಮನ ಬಳಿಯಿದ್ದವೆಂದೂ, ಅವುಗಳಿಗಾಗಿ ಅರಸನ ಆಳುಗಳು ಬಂದಾಗ ಆಕೆ ಕಾವೇರಿಯ ಮಡುವಿಗೆ ಹಾರಿದಳೆಂದೂ ಪ್ರತೀತಿ. ತಲಕಾಡನ್ನು ಮರಳು ಮುಚ್ಚಲಿ, ಮಾಲಂಗಿಯಲ್ಲಿ ಮಡು ಬೀಳಲಿ, ಮೈಸೂರರಸರಿಗೆ ಸಂತಾನವಿಲ್ಲದಾಗಲಿ ಎಂಬುದು ಆಕೆಯ ಶಾಪವೆಂದು ಜನ ಹೇಳುತ್ತಾರೆ. ಮೈಸೂರು ಅರಮನೆಯಲ್ಲಿ ನವರಾತ್ರಿಯ ಕಾಲದಲ್ಲಿ ಅಲಮೇಲಮ್ಮನ ಮೂರ್ತಿಗೆ ಪೂಜೆ ಸಲ್ಲುವ ಪದ್ಧತಿಯಿದೆ. ಗೆದ್ದವರ ಮನೆಯಲ್ಲಿಯೇ ನೊಂದವಳಿಗೆ ಪೂಜೆ ಸಲ್ಲುವುದು ಅಪರೂಪದ ಸಂಗತಿ. ಆದಕಾರಣ ಈ ಕಥೆಯನ್ನು ಕಟ್ಟುಕಥೆಯೆಂದು ತಳ್ಳಿಹಾಕುವುದು ಸಲ್ಲದು. ಅದು ಒಂದು ಅನ್ಯಾಯದ ನೆನಪು. ಆದರೆ 1610ರ ಹೊತ್ತಿಗೆ ಗಂಗರ ಆಳ್ವಿಕೆ ಮುಗಿದು ಆರು ಶತಮಾನಗಳೂ, ಕೀರ್ತಿನಾರಾಯಣ ದೇವಾಲಯ ಎದ್ದು ಸುಮಾರು ಐದು ಶತಮಾನಗಳೂ ಕಳೆದಿದ್ದವು. ರಾಜಧಾನಿ ಅಳಿದುದು ಶಾಪದಿಂದಲ್ಲವೆಂಬುದು ಈ ಕಾಲಗಣನೆಯಿಂದಲೇ ಸ್ಪಷ್ಟ.

ಹಾಗಾದರೆ ಮರಳು ಬಂದುದೆಲ್ಲಿಂದ? ತಲಕಾಡಿನ ಬಳಿ ಕಾವೇರಿ ಬಲವಾಗಿ ತಿರುಗುತ್ತಾಳೆ. ತಿರುವಿನ ಒಳಬದಿಯಲ್ಲಿ ಮರಳು ನಿಲ್ಲುವುದು ನದಿಗಳ ಸ್ವಭಾವ. ಊರಿನ ಮೇಲುಭಾಗದಲ್ಲಿ ವಿಜಯನಗರದ ಕಾಲದ ಮಾಧವಮಂತ್ರಿ ಅಣೆಕಟ್ಟು ಇದೆ. ಅಣೆ ನೀರನ್ನು ತಡೆದುದರಿಂದ ಕೆಳಗಿನ ಪಾತ್ರದ ಮರಳು ಬಯಲಿಗೆ ಬಿದ್ದಿತು. ಮುಂಗಾರಿನ ನೈಋತ್ಯ ಮಾರುತ ಅದನ್ನು ಊರಿನ ಮೇಲೆ ಹೊತ್ತು ತಂದಿತು. ಡಾ. ಕೆ. ಎನ್. ಗಣೇಶಯ್ಯನವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ತಿರುಳು ಹೀಗಿದೆ. ಬಿ. ಎಲ್. ರೈಸ್ ಅವರು ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ ಮರಳದಿಬ್ಬಗಳು ವರ್ಷಕ್ಕೆ 9-10 ಅಡಿಗಳಷ್ಟು ಮುಂದುವರಿಯುತ್ತಿದ್ದುವೆಂದೂ, ಜನರು ಮನೆಗಳನ್ನು ತೊರೆದು ಹಿಂದೆ ಸರಿಯಬೇಕಾಯಿತೆಂದೂ, 30ಕ್ಕೂ ಹೆಚ್ಚು ದೇವಾಲಯಗಳು ಮರಳಿನಡಿಯಲ್ಲಿವೆಯೆಂದೂ ದಾಖಲಿಸಿದ್ದಾರೆ. ಅದೇ ಅಣೆಕಟ್ಟಿನ ನಾಲೆಯಿಂದ ಸುತ್ತಲ ಗದ್ದೆಗಳು ಸಮೃದ್ಧವಾಗಿ ಜನಸಂಖ್ಯೆ ಬೆಳೆಯುತ್ತಿದ್ದುದನ್ನೂ ಅವರು ಹೇಳದೆ ಬಿಟ್ಟಿಲ್ಲ. ಅನ್ನ ಕೊಟ್ಟ ಅಣೆಯೇ ಗುಡಿಗಳನ್ನು ಮುಚ್ಚಿದ ಮರಳಿಗೂ ಕಾರಣವಾಗಿದ್ದಲ್ಲಿ, ನದಿಯೊಡನೆ ವ್ಯವಹರಿಸುವ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಪಾಠವಿಲ್ಲ. ಕಾವೇರಿಯ ನೀರನ್ನೇ ನಂಬಿ ಬದುಕುವ ಈ ಸೀಮೆಯ ರೈತನಿಗೆ ಇದು ಶಾಪದ ಕಥೆಗಿಂತ ಹತ್ತಿರದ ಮಾತು.

ಸಂಜೆಯ ಹೊತ್ತಿಗೆ ಮುಡುಕುತೊರೆಯ ಬೆಟ್ಟವನ್ನು ಏರುವುದು ದಿನಕ್ಕೆ ಯೋಗ್ಯವಾದ ಮುಕ್ತಾಯ. ತೊರೆ ಮುಡುಕುವ, ಎಂದರೆ ತಿರುಗುವ ಸ್ಥಳವಾದುದರಿಂದ ಈ ಹೆಸರು ಬಂದಿತೆನ್ನುವರು. ಪಂಚಲಿಂಗಗಳಲ್ಲಿ ಒಬ್ಬನಾದ ಮಲ್ಲಿಕಾರ್ಜುನನು ಇಲ್ಲಿ ನೆಲೆಸಿದ್ದಾನೆ. ಶ್ರೀಶೈಲದ ನೆನಪು ಭಕ್ತರಿಗೆ ಸಹಜವಾಗಿಯೇ ಬರುತ್ತದೆ. ಬೆಟ್ಟದ ಮೇಲಿನಿಂದ ಕಾವೇರಿಯ ತಿರುವು, ಮರಳು, ಗದ್ದೆಬಯಲು ಒಟ್ಟಿಗೆ ಕಾಣುತ್ತವೆ. ಕೆಳಗೆ ಬಿಡಿಬಿಡಿಯಾಗಿ ಕಂಡದ್ದು ಇಲ್ಲಿ ಒಂದಾಗಿ ತಿಳಿಯುತ್ತದೆ. ಕಾರ್ತಿಕ ಸೋಮವಾರ, ಅಮಾವಾಸ್ಯೆ, ವಿಶಾಖಾ ನಕ್ಷತ್ರ ಕೂಡಿಬರುವ ಯೋಗದಲ್ಲಿ ನಡೆಯುವ ಪಂಚಲಿಂಗ ದರ್ಶನ 2009, 2013 ಮತ್ತು 2020ರಲ್ಲಿ ನೆರವೇರಿತು. ಆ ಮಹೋತ್ಸವದ ಜನಸಂದಣಿಯಲ್ಲಿ ನಿಧಾನವಾಗಿ ನೋಡಲು ಅವಕಾಶವಿಲ್ಲ. ಸಾಮಾನ್ಯ ದಿನವೇ ಜಿಜ್ಞಾಸುವಿಗೆ ಲೇಸು.

ಒಳ್ಳೆಯ ಮಾರ್ಗದರ್ಶಿಯ ಕರ್ತವ್ಯ ಇಷ್ಟೆ: ಪುರಾಣವನ್ನು ಪುರಾಣವೆಂದು, ಶಾಸನವನ್ನು ಶಾಸನವೆಂದು, ಜನರ ನೆನಪನ್ನು ನೆನಪೆಂದು ಬೇರೆ ಬೇರೆಯಾಗಿ ಹೇಳುವುದು, ಒಂದರ ಭಾರದಿಂದ ಇನ್ನೊಂದನ್ನು ಮುಚ್ಚದಿರುವುದು. ತಲ, ಕಾಡರ ಕಥೆ ಕ್ಷೇತ್ರದ ಭಕ್ತಿಯನ್ನು ತಿಳಿಸುತ್ತದೆ. ದುರ್ವಿನೀತ, ಚಾವುಂಡರಾಯರ ಹೆಸರು ನಾಡಿನ ನುಡಿಯನ್ನು ನೆನಪಿಗೆ ತರುತ್ತದೆ. ಅಲಮೇಲಮ್ಮನ ಕಥೆ ಅಧಿಕಾರದ ಕ್ರೌರ್ಯವನ್ನು ಎತ್ತಿ ತೋರುತ್ತದೆ. ಮರಳು ನದಿಯ ನಿಯಮವನ್ನು ಸಾರುತ್ತದೆ. ಗುಡಿಗಳ ಮೇಲಿನ ಮರಳನ್ನು ಜನ ಶ್ರಮಪಟ್ಟು ತೆಗೆದಿದ್ದಾರೆ. ಗಂಗರ ನೆನಪಿನ ಮೇಲೆ ಬಿದ್ದಿರುವ ಮರೆವನ್ನು ತೆಗೆಯುವ ಕೆಲಸ, ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಉಪಾಧ್ಯಾಯರಿಗೂ ಹಿರಿಯರಿಗೂ ಸೇರಿದುದು.